ಕೇಳಿಸಿಕೊಳ್ಳುವ ಕಾರು

ಹುಮನಾಬಾದಿನ ಬಸ್ ನಿಲ್ದಾಣದ ಎದುರು ಬಾಡಿಗೆ ಕಾರು ನಿಲ್ಲಿಸಿಕೊಂಡು ಕೂತವನಿಗೆ ಮೊದಲು ಬರುವ ವಿದ್ಯೆ ಸಂಶಯ. ಗಿರಾಕಿ ಬಾಡಿಗೆ ಮಾತಾಡುವಾಗಲೇ, ಇವನು ನಿಜಕ್ಕೂ ಬಸವಕಲ್ಯಾಣದವರೆಗೆ ಬರುವವನೋ ಇಲ್ಲ ಅರ್ಧ ದಾರಿಯಲ್ಲಿ ಇಳಿದು ತೊಗರಿ ಹೊಲದೊಳಗೆ ಮಾಯವಾಗುವವನೋ ಎಂದು ಮುಖ ನೋಡಿ ತಿಳಿದುಕೊಳ್ಳಬೇಕು. ನಾನು ಈ ವಿದ್ಯೆಯಲ್ಲಿ ಪಳಗಿದವನು. ಎಷ್ಟು ಪಳಗಿದ್ದೆನೆಂದರೆ ಹೆಂಡತಿ ಕೊಟ್ಟ ಚಹಾವನ್ನೂ ಸಕ್ಕರೆ ಹಾಕಿದ್ದೀಯಾ ಎಂದು ಕೇಳದೆ ಬಾಯಿಗಿಡುತ್ತಿರಲಿಲ್ಲವಂತೆ. ಇದು ಅವಳ ದೂರು, ಪೂರ್ತಿ ಸುಳ್ಳೇನಲ್ಲ.

ಇಂಥ ನಾನು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಟೇಪ್ ರೆಕಾರ್ಡರ್ ಕೊಂಡೆ. ದುಬೈಯಿಂದ ರಜೆಗೆ ಬಂದಿದ್ದ ಪಕ್ಕದ ಗಲ್ಲಿಯ ಗೆಳೆಯ ಅದನ್ನು ಮಾರಲು ಹೊರಟಿದ್ದ. ಚೆನ್ನಾಗಿದ್ದರೆ ಯಾಕೆ ಮಾರುತ್ತಾನೆ ಎಂದು ನನಗೆ ಅನುಮಾನ. ಅವನ ಮನೆಯ ಕಟ್ಟೆಯ ಮೇಲೆ ಕೂತು ಕ್ಯಾಸೆಟ್ಟಿನ ಎರಡೂ ಬದಿ ಕೇಳಿದ ಮೇಲೆಯೇ ಒಪ್ಪಿಕೊಂಡೆ. ಸೆಲ್ಲಿನ ಮೇಲೆ ಓಡುವ, ಹಿಡಿಕೆಯಿದ್ದ ಚಪ್ಪಟೆ ಡಬ್ಬಿ ಅದು. ಮುಂದೆ ಸಾಲಾಗಿ ಗುಂಡಿಗಳು, ಅದರಲ್ಲಿ ಒಂದು ಕೆಂಪು. ಆ ಕೆಂಪು ಗುಂಡಿ ಒತ್ತಿದರೆ ಎದುರಿನವರ ಮಾತು ಕ್ಯಾಸೆಟ್ಟಿನಲ್ಲಿ ತುಂಬಿಕೊಳ್ಳುತ್ತಿತ್ತು. ನನಗೆ ಬೇಕಾಗಿದ್ದದ್ದು ಹಾಡು ಮಾತ್ರ, ಆ ಗುಂಡಿಯ ತಂಟೆಗೆ ನಾನು ಹೋಗಲಿಲ್ಲ.

ನನ್ನ ಕಾರಿನಲ್ಲಿ ಹಿಂದಿನ ಮಾಲೀಕ ಹಾಕಿಸಿದ ಒಂದು ರೇಡಿಯೊ ಇತ್ತು. ಊರು ದಾಟಿದರೆ ಅದರಲ್ಲಿ ಬರೀ ಗೊರಗೊರ ಸದ್ದು, ಆದರೆ ಸ್ಪೀಕರ್ ಮಾತ್ರ ಗಟ್ಟಿಯಾಗಿತ್ತು. ರೇಡಿಯೊ ರಿಪೇರಿಯವನೊಬ್ಬ ಡಬ್ಬಿಯ ಪಕ್ಕದ ಸಣ್ಣ ತೂತಿನಿಂದ ಒಂದು ವೈರು ಎಳೆದು ಆ ರೇಡಿಯೊಕ್ಕೆ ಜೋಡಿಸಿಕೊಟ್ಟ. ಆ ವೈರು ಚುಚ್ಚಿದ ಕೂಡಲೇ ಡಬ್ಬಿಯ ಸ್ವಂತ ಬಾಯಿ ಮುಚ್ಚಿಕೊಂಡು, ಹಾಡೆಲ್ಲ ಹಿಂದಿನ ಸೀಟಿನವರ ತಲೆಯ ಹಿಂದಿದ್ದ ಸ್ಪೀಕರಿನಿಂದ ಬರುತ್ತಿತ್ತು. ವೈರು ಕಿತ್ತರೆ ಮತ್ತೆ ಡಬ್ಬಿಯೇ ಹಾಡುತ್ತಿತ್ತು. ಡಬ್ಬಿಯನ್ನು ನನ್ನ ಪಕ್ಕದಲ್ಲಿ ಟವೆಲಿನ ಮೇಲೆ ಕೂಡಿಸಿದೆ. ಇಡೀ ಸ್ಟ್ಯಾಂಡಿನಲ್ಲಿ ಹಾಡುವ ಕಾರು ನನ್ನದೊಂದೇ ಎಂದು ಮೀಸೆಯ ಮೇಲೆ ಕೈಯಾಡಿಸಿಕೊಂಡೆ.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಚಿಟಗುಪ್ಪದಿಂದ ಬರುವಾಗ ಒಬ್ಬ ಮುದುಕಿ ಹಿಂದೆ ತಿರುಗಿ ಸ್ಪೀಕರ್ ನೋಡಿದಳು, ಮುಂದೆ ಬಗ್ಗಿ ಡಬ್ಬಿ ನೋಡಿದಳು.

"ಹಾಡ ಹಿಂದ ಬರಾಕತ್ತಾವ. ಈ ಡಬ್ಬಿ ಇಲ್ಲಿ ಬಾಯಿ ಮುಚಗೊಂಡು ತಿರಗಾಕತ್ತದ. ಇದು ಏನ್ ಮಾಡಾಕತ್ತದೋ ತಮ್ಮಾ?"

"ಹಾಡೂದು ಇದೇ ಆಯಿ. ದನಿ ಅಷ್ಟ ಹಿಂದ ಹೋಗ್ತದ."

"ಮತ್ತ ಇದಕ್ಕ ಈ ಜಾಳಗಿ ಯಾಕ?" ಎಂದು ಮಾತು ಹಿಡಿಯುವ ಜಾಗಕ್ಕೇ ಬೆರಳಿಟ್ಟಳು. ನಾನು ಗೇರು ಬದಲಿಸಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡವಳು ಹುಮನಾಬಾದ್ ಬರುವವರೆಗೆ ತೆಗೆಯಲಿಲ್ಲ.

ಅಲ್ಲಿಂದ ಸುದ್ದಿಗೆ ಕಾಲು ಬಂತು. ನನ್ನ ಕಾರು ಹಾಡುವುದು ನೆಪಕ್ಕೆ, ಅದರ ನಿಜವಾದ ಕೆಲಸ ಕೇಳಿಸಿಕೊಳ್ಳುವುದು ಎಂದು. ಹೊಲದ ತಕರಾರಿಗೆ ಕೋರ್ಟಿಗೆ ಹೋಗುವವರು ಬೇವಿನ ಗಿಡದ ಕೆಳಗೆ ಮಾತೆಲ್ಲ ಮುಗಿಸಿಕೊಂಡು ಬಂದು ಹತ್ತುತ್ತಿದ್ದರು. ಒಬ್ಬನಂತೂ ತಲೆಯ ಪಟಕಾ ಬಿಚ್ಚಿ ಡಬ್ಬಿಯ ಮೇಲೆ ಮುಚ್ಚಿಯೇ ಸೀಟಿಗೆ ಒರಗಿದ. ನಾನು ತಿಳಿಸಿ ಹೇಳಿದಷ್ಟೂ ಅವರ ಸಂಶಯ ಹೆಚ್ಚಾಗುತ್ತಿತ್ತು. ಆದರೂ ಬಾಡಿಗೆ ನಿಲ್ಲಲಿಲ್ಲ, ಯಾಕೆಂದರೆ ಸ್ಟ್ಯಾಂಡಿನಲ್ಲಿದ್ದ ಉಳಿದ ಕಾರುಗಳಿಗೆ ಬ್ರೇಕು ಸರಿಯಿರಲಿಲ್ಲ.

ಅದೇ ದಿನಗಳಲ್ಲಿ ಹುಡಗಿ ಎಂಬ ಊರಿನ ಒಂದು ಮನೆತನದವರು ಮೋರಖಂಡಿಗೆ ಹೆಣ್ಣು ನೋಡಲು ನನ್ನ ಕಾರು ಹಿಡಿದರು. ಹುಡುಗನ ಅಪ್ಪ, ಹುಡುಗನ ಸೋದರಮಾವ, ಇಬ್ಬರೇ. ಹುಡುಗನೇ ಇಲ್ಲ. ಮೊದಲು ಹಿರಿಯರು ನೋಡಿ ಬರುತ್ತೇವೆ ಎಂದರು. ಆಗಲೇ ನನ್ನ ಮನಸ್ಸಿನೊಳಗೆ ಒಂದು ಸಂಶಯದ ಹುಳ ಹೊಕ್ಕಿತು. ಅಪ್ಪ ಮೆತ್ತಗಿನ ಮನುಷ್ಯ, ಮಾವ ಎದುರಿನವರ ಮಾತು ಮುಗಿಯುವ ಮೊದಲೇ ತಲೆಯಾಡಿಸುವ ಜಾತಿ.

ಮೋರಖಂಡಿಯಲ್ಲಿ ಅವರು ಒಳಗೆ ಹೋದರು, ನಾನು ಅಂಗಳದಲ್ಲಿ ಕಾರಿಗೆ ಒರಗಿ ನಿಂತೆ. ಒಳಗಿನಿಂದ ಒಂದು ತುಂಬು ನಗೆ ಕೇಳಿಸಿತು, ಅದರ ಹಿಂದೆಯೇ ಯಾರೋ ಗದರಿ ಅಡಗಿಸಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಆ ನಗೆಯವಳೇ ಬಾಗಿಲಿಗೆ ಬಂದು, "ಅಪ್ಪಾ, ಗಾಡಿಯವ್ರು ಇನ್ನಾ ಏನೂ ತಿಂದಿಲ್ಲ" ಎಂದು ಕೂಗಿ ಒಳಗೋಡಿದಳು. ತನ್ನನ್ನು ನೋಡಲು ಬಂದವರ ನಡುವೆ ಕೂತ ಹುಡುಗಿಗೆ ಹೊರಗಿನ ಡ್ರೈವರನ ಹೊಟ್ಟೆಯ ನೆನಪಿತ್ತು. ಅವಳಪ್ಪ ಸ್ವತಃ ಉಪ್ಪಿಟ್ಟು ತಂದುಕೊಟ್ಟ. ನನಗೆ ಆ ಮನೆ ಹಿಡಿಸಿತು.

ಹಿಂದಿರುಗುವಾಗ ಕಾರು ಊರು ದಾಟುತ್ತಲೇ ಮಾವ ನನ್ನ ಹೆಗಲು ತಟ್ಟಿದ. "ಡ್ರೈವರ್, ಹಾಡ ಹಚ್ಚು. ಜೋರ್ ಹಚ್ಚು."

ಅವನ ಲೆಕ್ಕ ನನಗೆ ಗೊತ್ತಾಯಿತು. ಹಾಡಿನ ಗದ್ದಲದಲ್ಲಿ ತಮ್ಮ ಗುಟ್ಟು ನನಗೆ ಕೇಳಿಸಬಾರದು. ಹಚ್ಚಿದೆ. ಆದರೆ ಸ್ಪೀಕರ್ ಇದ್ದದ್ದು ಅವರ ಕಿವಿಯ ಹಿಂದೆ. ಪಕ್ಕದವನ ಮಾತು ಪಕ್ಕದವನಿಗೇ ಕೇಳಿಸದೆ ಇಬ್ಬರೂ ಹೊಲದಲ್ಲಿ ಎತ್ತು ಹೊಡೆಯುವವರ ಹಾಗೆ ಕೂಗತೊಡಗಿದರು. ಮುಂದೆ ಕೂತ ನನಗೆ ಹಾಡಿಗಿಂತ ಅವರ ಮಾತೇ ಸ್ಪಷ್ಟ.

"ಕೂಸು ಚಲೋ ಅದಾಳ. ಆದ್ರ ಸೊಲ್ಲಾಪುರ ಕಡಿ ಇರೋ ಆಕಿ ನಾಳಿಗಿ ಬಂದು ಬಾಗಿಲಾಗ ನಿಂತ್ರ?" ಎಂದು ಅಪ್ಪ ಕೂಗಿದ.

"ಆಕಿ ತವರಿಗಿ ಹೋಗಿ ಕೂತಾಳ, ಬರಂಗಿಲ್ಲ."

"ತನ್ನ ಕೂಸಿನ್ನ ಕಟಗೊಂಡು ಹೋಗ್ಯಾಳೋ. ಹುಡುಗಗ ಮೊದಲ ಲಗ್ನ ಆಗ್ಯಾದ ಅಂತ ಇವರಿಗಿ ಹೇಳಬೇಕಿತ್ತು."

"ಅಕ್ಕಿಕಾಳ ಬಿದ್ದ ಮ್ಯಾಲ ಯಾರ ಕೇಳ್ತಾರ? ನೀವು ಸುಮ್ಮ ಇರ್ರಿ ಭಾವಾ!"

ಹೆಂಡತಿ, ಮಗು ಇದ್ದವನಿಗೆ ಆ ನಗೆಯ ಹುಡುಗಿಯನ್ನು ಕಟ್ಟಲು ಹೊರಟಿದ್ದರು. ಕಾರಿನಲ್ಲಿ ಕೇಳಿದ್ದನ್ನು ಕಾರಿನಲ್ಲೇ ಬಿಡಬೇಕು, ಇದು ನಮ್ಮ ಕಸುಬಿನ ಕಟ್ಟಳೆ. ಹುಡಗಿ ಊರಲ್ಲಿ ಅವರನ್ನು ಇಳಿಸಿ ಸುಮ್ಮನೆ ಬಂದೆ. ಆದರೆ ಅವತ್ತು ಮತ್ತೆ ಬಾಡಿಗೆ ಹಿಡಿಯದೆ ಮನೆಗೆ ಹೋದೆ.

ನಿಶ್ಚಯಕ್ಕೆ ದಿನ ಗೊತ್ತಾಯಿತೆಂದು ಸುದ್ದಿ ಬಂತು. ಮುಂದಿನ ಸಂತೆಯ ದಿನ ಹುಡುಗಿಯ ಅಪ್ಪ ಸ್ಟ್ಯಾಂಡಿಗೆ ಬಂದು ನನ್ನನ್ನು ಕಾರಿನ ಹಿಂಬದಿಗೆ ಕರೆದ. ಅತ್ತಿತ್ತ ನೋಡಿ ದನಿ ಇಳಿಸಿದ.

"ಮಂದಿ ಅಂತಾರ, ನಿಮ್ಮ ಡಬ್ಬ್ಯಾಗ ಕುಂತವರ ಮಾತು ಇಳೀತಾವಂತ. ಅವರು ಹೋಗುವಾಗ ನಮ್ಮ ಕೂಸಿನ ವಿಷಯ ಏನಂದ್ರು, ಒಂದೀಟು ಕೇಳಸ್ರಿ."

ನನಗೆ ಮೊದಲು ಬಂದದ್ದು ಇವನ ಮೇಲೇ ಸಂಶಯ. ನನ್ನ ಬಾಯಿ ಎಷ್ಟು ಗಟ್ಟಿ ಎಂದು ನೋಡಲು ಆ ಮಾವನೇ ಇವನನ್ನು ಛೂ ಬಿಟ್ಟಿರಬಹುದೇ? ಮುಖ ನೋಡಿದೆ. ನಿದ್ದೆಗೆಟ್ಟ ಕಣ್ಣು. ಕಟ್ಟಳೆ ಹಾಳಾಗಲಿ ಎಂದುಕೊಂಡು ಕೇಳಿದ್ದನ್ನೆಲ್ಲ ಹೇಳಿಬಿಟ್ಟೆ: ಮೊದಲ ಲಗ್ನ, ಸೊಲ್ಲಾಪುರ ಕಡೆಯ ಹೆಂಡತಿ, ಮಗು.

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಇದು ಯಾರ ಹೇಳಿಕೊಟ್ಟಾರ ನಿಮಗ? ನಮ್ಮ ಅಕ್ಕನ ಮಕ್ಕಳೇನು?"

ಅವನ ಅಕ್ಕನ ಮಕ್ಕಳು ಈ ಹುಡುಗಿಯನ್ನು ತಮ್ಮ ಮನೆಗೇ ತಂದುಕೊಳ್ಳಲು ಬಹಳ ದಿನದಿಂದ ಕಾಯುತ್ತಿದ್ದರಂತೆ, ಬಂದ ಸಂಬಂಧವನ್ನೆಲ್ಲ ಮುರಿಯುತ್ತಿದ್ದರಂತೆ. ಅವರೇ ನನ್ನ ಬಾಯಲ್ಲಿ ಈ ಮಾತು ಇಟ್ಟಿದ್ದಾರೆ ಎಂದು ಅವನ ಗುಮಾನಿ.

"ನಾ ನನ್ನ ಕಿವೀಲೆ ಕೇಳೀನ್ರಿ!"

"ಮನಷ್ಯಾ ಏನರ ಹೇಳ್ತಾನ್ರಿ. ಡಬ್ಬಿ ಯಾಕ ಸುಳ್ಳ ಹೇಳ್ತದ? ಡಬ್ಬಿ ಕೇಳಸ್ರಿ, ನಂಬ್ತೀನಿ."

ಮೈಯೆಲ್ಲ ಉರಿದುಹೋಯಿತು. ಅವನ ಮಗಳ ಬದುಕು ಉಳಿಸಲು ಬಾಯಿಬಿಟ್ಟವನು ಸುಳ್ಳುಗಾರ, ಸೆಲ್ಲು ತಿನ್ನುವ ತಗಡಿನ ಡಬ್ಬಿ ಸತ್ಯವಂತ! ಆ ಸಿಟ್ಟಿನಲ್ಲೇ ಅಂದೆ, "ಹಂಗಾರ ಡಬ್ಬಿ ಕಡಿಂದೇ ಹೇಳಸ್ತೀನಿ. ನಿಶ್ಚಯದ ದಿನ ನಿಮ್ಮ ಬಾಗಿಲಾಗೇ ಕೇಳ್ರಿ." ಅವನು ನಂಬಿದನೋ ಇಲ್ಲವೋ, ತಲೆಯಾಡಿಸಿ ಹೋದ. ಡಬ್ಬಿಯೊಳಗೆ ಭಜನೆ ಪದಗಳ ಹೊರತು ಏನೂ ಇರಲಿಲ್ಲ.

ಸಿಟ್ಟಿನಲ್ಲಿ ಮಾತು ಕೊಟ್ಟಿದ್ದೇನೋ ಹೌದು, ಆದರೆ ಇನ್ನು ಆ ಮಾವ ನನ್ನ ಕಾರು ಹತ್ತುವುದಿಲ್ಲ ಎಂದುಕೊಂಡಿದ್ದೆ. ಸಂಶಯ ಬಂದವರೆಲ್ಲ ದೂರ ಸರಿಯುವುದಿಲ್ಲ, ಕೆಲವರು ಹತ್ತಿರವೇ ಕೂಡಿಸಿಕೊಂಡು ಕಾಯುತ್ತಾರೆ. ಡಬ್ಬಿಯ ಸುದ್ದಿ ಈಗ ಹುಡಗಿ ಊರಿಗೂ ಮುಟ್ಟಿತ್ತು. ನಿಶ್ಚಯಕ್ಕೂ ನನ್ನ ಕಾರನ್ನೇ ಹಿಡಿದ ಮಾವ, ಈ ಸಲ ಮುಂದೆ ನನ್ನ ಪಕ್ಕದಲ್ಲಿ ಬಂದು ಕೂತ. ಹಾಡು ಬೇಡವೆಂದ. ದಾರಿಯುದ್ದಕ್ಕೂ ಅವನ ಕಣ್ಣು ಡಬ್ಬಿಯ ಮೇಲೆ, ನನ್ನ ಕಣ್ಣು ಅವನ ಕೈಯ ಮೇಲೆ. ಹಿಂದೆ ಹುಡುಗನ ಅಪ್ಪನೂ ಒಂದಿಬ್ಬರು ಹೆಂಗಸರೂ ಸೀರೆ, ಕುಪ್ಪಸದ ಕಣದ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಮೋರಖಂಡಿಯ ಮನೆಯ ಮುಂದೆ ಹಂದರ ಹಾಕಿದ್ದರು. ಮಂದಿ ಎದುರುಗೊಳ್ಳಲು ಬಂದು ಕಾರಿನ ಸುತ್ತ ನಿಂತರು. ಹುಡುಗಿಯ ಅಪ್ಪ ಬೀಗರ ಕಡೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ಕ್ಯಾಸೆಟ್ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಮತ್ತೆ ಡಬ್ಬಿಗೆ ಹಾಕಿದೆ.

"ಮಾವಾರ, ಹೋದ ಸಲ ನೀವು ಗಾಡ್ಯಾಗ ಮಾತಾಡಿದ್ದು ಇದ್ರಾಗ ಅದಾವ್ರಿ. ಎಲ್ಲಾರೂ ಕೂಡ್ಯಾರ, ಹಚ್ಚಲೇನು?"

ಉತ್ತರಕ್ಕೆ ಕಾಯದೆ ಗುಂಡಿ ಒತ್ತಿದೆ. ಯಾವ ಕ್ಯಾಸೆಟ್ಟಾದರೂ ಶುರುವಾಗುವ ಮುಂಚೆ ಸ್ವಲ್ಪ ಹೊತ್ತು ಬರೀ ಸುಯ್ ಎನ್ನುತ್ತದೆ. ಹಿಂದಿನ ಸ್ಪೀಕರಿನಿಂದ ಆ ಸುಯ್ ಸದ್ದು ಬಂತು. ಮಾವನ ಮುಖ ಬೆವೆತಿತು. ಸಟ್ಟನೆ ಕೈ ಹಾಕಿ ಡಬ್ಬಿಯ ವೈರು ಕಿತ್ತ.

"ಯಾಕ್ರಿ ಕಿತ್ತಿರಿ?" ಎಂದು ಹುಡುಗಿಯ ಅಪ್ಪ ಮುಂದೆ ಬಂದ. "ಏನದ ಅದ್ರಾಗ?"

"ಏನಿಲ್ರಿ, ಆ ಹೆಂಗಸಿನ ಪ್ರಕರಣ ನಾವು ಮುಗಿಸೇವಿ! ಈಗ ಆಕಿಗೂ ನಮಗೂ ಸಂಬಂಧ ಇಲ್ಲ!"

"ಯಾವ ಹೆಂಗಸು?"

ಅಷ್ಟರಲ್ಲಿ ವೈರು ಕಿತ್ತಿದ್ದರಿಂದ ಬಾಯಿ ಬಿಟ್ಟುಕೊಂಡ ಡಬ್ಬಿ ತಾನೇ ತಾಳ ಹಾಕಿಕೊಂಡು ಭಜನೆ ಶುರುಮಾಡಿತು. ಯಾರೂ ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಹುಡುಗನ ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, "ನಾ ಮೊದಲ ಹೇಳಿದ್ದೆ, ನಾ ಮೊದಲ ಹೇಳಿದ್ದೆ" ಎನ್ನುತ್ತಿದ್ದ.

ನಿಶ್ಚಯ ಮುರಿಯಿತು. ಸೀರೆ ಕಣದ ಗಂಟು ಬಿಚ್ಚದೆ ವಾಪಸ್ಸಾಯಿತು. ಅವರು ನನ್ನ ಕಾರು ಹತ್ತಲಿಲ್ಲ, ಬಿಸಿಲಲ್ಲೇ ರಸ್ತೆಯವರೆಗೆ ನಡೆದು ಹೋದರು. ನಾನು ಒಬ್ಬನೇ ಭಜನೆ ಕೇಳುತ್ತ ಊರಿಗೆ ಬಂದೆ. ಎಲ್ಲರ ಮುಂದೆ ಹೇಳಿದ್ದು ಹಸಿ ಸುಳ್ಳು. ಅದರ ಬಗ್ಗೆ ನನಗೆ ಅವತ್ತೂ ಬೇಸರವಿರಲಿಲ್ಲ, ಇವತ್ತೂ ಇಲ್ಲ.

ಭಜನೆಯನ್ನು ಅಷ್ಟು ಮಂದಿ ಕೇಳಿದ್ದರೂ ಕ್ಯಾಸೆಟ್ಟಿನಲ್ಲಿ ಅದು ಮಾತ್ರ ಇತ್ತೆಂದು ಯಾರೂ ಒಪ್ಪಲಿಲ್ಲ. ಮಾತಿನ ಕ್ಯಾಸೆಟ್ಟನ್ನು ನಾನು ಕೈಚಳಕದಿಂದ ಬದಲಿಸಿದೆ ಎಂದು ಒಬ್ಬರು, ಮನೆಯಲ್ಲಿ ಎಲ್ಲರ ಮಾತಿನ ಕ್ಯಾಸೆಟ್ಟುಗಳನ್ನು ಟ್ರಂಕಿನಲ್ಲಿ ಇಟ್ಟಿದ್ದೇನೆ ಎಂದು ಇನ್ನೊಬ್ಬರು. ಬ್ರೇಕು ಚೆನ್ನಾಗಿದ್ದೂ ನನ್ನ ಕಾರಿಗೆ ಗಿರಾಕಿ ಕಡಿಮೆಯಾದರು. ಹತ್ತಿದವರು ಮೂಕರಾಗಿ ಕೂತು ಇಳಿಯುತ್ತಿದ್ದರು. ಡಬ್ಬಿ ತೆಗೆದು ಮನೆಯಲ್ಲಿಟ್ಟೆ. ಆಗ, ಸೀಟಿನ ಕೆಳಗೆ ಅಡಗಿಸಿದ್ದಾನೆ ಎಂದರು.

ಮುಂದೆ ಆ ಹುಡುಗಿಗೆ ಚಿಟಗುಪ್ಪದ ಒಳ್ಳೆಯ ಮನೆ ಸಿಕ್ಕಿತು. ಅವಳಪ್ಪ ಲಗ್ನಕ್ಕೆ ಕರೆಯಲು ನನ್ನ ಮನೆಯವರೆಗೂ ಬಂದ. ದಿಬ್ಬಣಕ್ಕೆ ಕಾರು ಯಾವುದು ಎಂದು ಕೇಳಿದೆ. ನೆಲ ನೋಡುತ್ತ, "ಬಸವಕಲ್ಯಾಣದಾಗ ಬ್ಯಾರೆ ಗಾಡಿ ಹೇಳೀನ್ರಿ. ನಿಮ್ಮ ಗಾಡ್ಯಾಗ ನಮ್ಮ ಬೀಗರು ಮನಸ ಬಿಚ್ಚಿ ಮಾತಾಡೂದು ಹ್ಯಾಂಗ?" ಎಂದ. ಸಿಟ್ಟಿಗಿಂತ ಹೆಚ್ಚಾಗಿ ಮನಸ್ಸಿಗೆ ನೋವಾಯಿತು. ಆದರೂ ಹೋದೆ. ಬೇಕೆಂದೇ ಕಾರು ಬಿಟ್ಟು ಬಸ್ಸಿನಲ್ಲಿ ಹೋದೆ.

ಮದುಮಗಳು ಅಕ್ಕಪಕ್ಕದವರ ಜೊತೆ ನಗುತ್ತಿದ್ದಳು, ಈಗ ಯಾರೂ ಗದರಲಿಲ್ಲ. ಊಟಕ್ಕೆ ಕೂತಾಗ ಅವಳಪ್ಪ ತಾನೇ ಬಂದು ಬೂಂದಿ ಬಡಿಸಿ, ನನ್ನ ಎದುರು ಕುಕ್ಕರಗಾಲಲ್ಲಿ ಕೂತ. ಕಣ್ಣು ತುಂಬಿದ್ದವು, ಏನೋ ಹೇಳಲು ತುಟಿ ಬಿಚ್ಚಿದ. ಅಷ್ಟರಲ್ಲಿ ಅವನ ದೃಷ್ಟಿ ನನ್ನ ಪಕ್ಕದಲ್ಲಿದ್ದ ಚೀಲದ ಮೇಲೆ ಬಿತ್ತು. ತುಟಿ ಮುಚ್ಚಿಕೊಂಡವು.

ನಾನು ಎಂಜಲುಗೈ ಬಿಟ್ಟು ಎಡಗೈಯಿಂದ ಚೀಲವನ್ನು ಅವನ ಮುಂದೆ ಬೋರಲು ಹಾಕಿದೆ. ಒಂದು ಟವೆಲು ಬಿತ್ತು, ಅವನ ಮಗಳಿಗೆಂದು ತಂದ ಕುಪ್ಪಸದ ಬಟ್ಟೆ ಬಿತ್ತು.

"ಅಯ್ಯ, ಹಂಗಲ್ರಿ" ಎಂದು ನಾಚಿದ ಅವನು ಬಟ್ಟೆಯನ್ನು ಕಣ್ಣಿಗೊತ್ತಿಕೊಂಡ. "ನೀವು ಸಾವಕಾಶ ಊಟ ಮಾಡ್ರಿ" ಎಂದು ಎದ್ದು ಮುಂದಿನ ಪಂಕ್ತಿಗೆ ಹೋದ.

ಪಂಕ್ತಿ ಏಳುವವರೆಗೂ ನಾನು ಅವನ ದಾರಿ ನೋಡಿದೆ. ಅದುವರೆಗೆ ನನ್ನ ಕಾರಿನಲ್ಲಿ ಯಾರ ಮಾತನ್ನೂ ನಾನಾಗಿ ಕೇಳಲು ಬಯಸಿದವನಲ್ಲ. ಅವನ ಆ ಒಂದು ಮಾತನ್ನು ಮಾತ್ರ ಕೇಳಬೇಕೆಂದು ಬಹಳ ಆಸೆಯಿತ್ತು. ಅವನು ಮತ್ತೆ ನನ್ನ ಕಡೆ ಬರಲಿಲ್ಲ.