ಗಜೇಂದ್ರಗಡದಲ್ಲಿ ನಾನು ಸತ್ತಂತೆ ಮಲಗಿದ ರಾತ್ರಿ

ಇದು ನಡೆದದ್ದು. ನಡೆದದ್ದು ಎಂದಷ್ಟೇ ಹೇಳಬಲ್ಲೆ. ಹೀಗೆಯೇ ನಡೆಯಿತು ಎಂದು ಆಣೆ ಮಾಡಲಾರೆ. ಆ ರಾತ್ರಿ ಅಲ್ಲಿ ನಾಲ್ಕು ಜನ ಇದ್ದೆವು. ನಾಲ್ವರೂ ಬೇರೆ ಬೇರೆಯಾಗಿ ಹೇಳುತ್ತೇವೆ. ಇದನ್ನು ಆರು ಸಲ ಬರೆದು ಹರಿದುಹಾಕಿದ್ದೇನೆ. ಪ್ರತಿ ಸಲವೂ ಬರಹ ಚೆಂದವಾಗುತ್ತಾ ಹೋಯಿತು, ಅದಕ್ಕೇ ಹರಿದೆ. ಇದು ಏಳನೆಯದು... ಆದಷ್ಟು ಚೆಂದವಾಗದಂತೆ ನೋಡಿಕೊಳ್ಳುತ್ತೇನೆ.

ಮೊದಲು ನಾವು ಯಾರೆಂಬುದು. ಅಪ್ಪ, ಅವ್ವ, ನಾನು ಕರುಣಾ, ನನಗಿಂತ ಏಳು ವರ್ಷ ಚಿಕ್ಕವಳಾದ ತಂಗಿ ಕೃಪಾ. ರೋಣದಲ್ಲಿ ಮನೆ. ಕ್ರೈಸ್ತರು. ನಾವಿಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಡುಗೆಮನೆಯ ಗೋಡೆಗೆ ಕರಿಹಲಗೆ ಹಾಕಿ ಅವ್ವನೇ ಕಲಿಸಿದಳು. ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ಒಂದು ಭಾಗಾಕಾರ, ರೊಟ್ಟಿ ಬಡಿಯುವಾಗ ಬಾಯಿಲೆಕ್ಕ. ಇದು ಬಾಯಿಂದ ಬಾಯಿಗೆ ಸುದ್ದಿಯಾಗಿ, ಮಕ್ಕಳಿಗೆ ಮನೆಯಲ್ಲೇ ಕಲಿಸಬೇಕೆನ್ನುವ ಕ್ರೈಸ್ತ ಕುಟುಂಬಗಳು ಎಲ್ಲಿ ಸಮಾವೇಶ ಮಾಡಿದರೂ ನಮ್ಮನ್ನು ಕರೆಯತೊಡಗಿದವು. ಒಂದು ಹಳೆಯ ವ್ಯಾನಿನಲ್ಲಿ ನಾಲ್ವರೂ ಹೋಗುತ್ತಿದ್ದೆವು. ಅಪ್ಪನದು ಭಾಷಣ. ಅವ್ವನದು ಸಾಕ್ಷಿ, ಅಂದರೆ ದೇವರು ನಮ್ಮ ಮನೆಯಲ್ಲಿ ಏನೇನು ಮಾಡಿದ ಎಂದು ಜನರ ಮುಂದೆ ನಿಂತು ಹೇಳುವುದು. ಕೊನೆಗೆ ಮಕ್ಕಳ ಆಟ.

ಸತ್ತ ಹುಡುಗಿಯನ್ನು ಯೇಸು ಕೈಹಿಡಿದು ಎಬ್ಬಿಸಿದ ಕಥೆಯೇ ಆ ಆಟ. ಕೃಪಾ ಬೆಂಚಿನ ಮೇಲೆ ಬಿಳಿ ಚಾದರ ಹೊದ್ದು ಸತ್ತಂತೆ ಮಲಗಬೇಕು. ಅಪ್ಪ ತಲೆಯ ಬಳಿ ನಿಂತು, "ಏಳವ್ವಾ, ಎದ್ದೇಳು" ಎಂದಾಗ ಏಳಬೇಕು. ಅಷ್ಟೇ. ಆ ಅಷ್ಟು ಅವಳಿಗೆ ಬರುತ್ತಿರಲಿಲ್ಲ. ನಗುತ್ತಿದ್ದಳು. ಚಾದರ ಕುಣಿಯುತ್ತಿತ್ತು. ಒಂದೂರಲ್ಲಿ ಹಿಂದಿನ ಸಾಲಿನಿಂದ ಯಾರೋ, "ಏ, ಹೆಣ ನಗಾಕತ್ತೈತಿ ನೋಡ್ರಲೇ!" ಎಂದು ಕೂಗಿ ಇಡೀ ಸಭೆ ಬಿದ್ದುಬಿದ್ದು ನಕ್ಕಿತ್ತು.

ಹಾಗಾಗಿ ತಾಲೀಮು. ಅದು ನನ್ನ ಜವಾಬ್ದಾರಿ. ಅವಳು ಉಸಿರು ಬಿಗಿಹಿಡಿದು ಮಲಗುವುದು. ನಾನು ಕಿರುಬೆರಳ ಉಗುರಿನಿಂದ ಅವಳ ಅಂಗಾಲಿನ ಮೇಲೆ, ಹಿಮ್ಮಡಿಯಿಂದ ಬೆರಳಿನ ತನಕ, ಮೆಲ್ಲಗೆ ಮೂರು ಗೆರೆ ಎಳೆಯುವುದು. ಮೂರಕ್ಕೂ ನಗದಿದ್ದರೆ ಅವಳು ಗೆದ್ದಂತೆ. ಎರಡನೆಯ ಗೆರೆ ದಾಟಿದ್ದೇ ಇಲ್ಲ ಅವಳು.

ಒಂದೇ ಒಂದು ದಿನ ಗೆದ್ದಳು.

ಅವಳಿಗೆ ಒಂಬತ್ತು ವರ್ಷ. ನರಗುಂದದಲ್ಲಿ ಸಮಾವೇಶ. ಹಿಂದಿನ ರಾತ್ರಿ ಹೊಳೆಮಣ್ಣೂರಿನಲ್ಲಿ ಪರಿಚಯದವರ ಮನೆಯಲ್ಲಿ ಉಳಿದಿದ್ದೆವು. ಮಲಪ್ರಭೆಯ ನೆರೆ ಬಂದು ಇಳಿದುಹೋಗಿ ಕೆಲವು ದಿನವಾಗಿತ್ತಷ್ಟೆ. ನೆಲ, ಗೋಡೆ, ಹಾಸಿಗೆ ಎಲ್ಲ ಕೆಸರು ವಾಸನೆ. ನೆಲದ ಮೇಲೆ ಮಲಗಿದೆವು. ಬೆಳಗಾಗುವ ಮೊದಲೇ ಹೊರಡಬೇಕಾಗಿತ್ತು, ಅಪ್ಪ ಅವಳನ್ನು ನಿದ್ದೆಯಲ್ಲೇ ಎತ್ತಿ ತಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿಸಿದ.

ಬೆಳಕು ಹರಿಯುವಾಗ ನೋಡಿದೆ. ರೆಪ್ಪೆ ಅರ್ಧಕ್ಕೆ ಇಳಿದಿತ್ತು. ಬಾಯಂಚಿನಲ್ಲಿ ಜೊಲ್ಲು. ಮೈ ಅಲ್ಲಾಡುತ್ತಿರಲಿಲ್ಲ. ಸಭೆ ಹತ್ತಿರ ಬಂತಲ್ಲ, ತಾಲೀಮು ಶುರು ಮಾಡಿದ್ದಾಳೆ ಅಂದುಕೊಂಡೆ. ಕಾಲು ನನ್ನ ಮಡಿಲಿಗೆ ಎಳೆದುಕೊಂಡೆ. ಒಂದು ಗೆರೆ... ಎರಡು... ಮೂರು.

ನಗಲಿಲ್ಲ.

"ಈ ಸಲ ಗೆದ್ದಿ ಬಿಡು!" ಎಂದೆ. ಚಪ್ಪಾಳೆಯನ್ನೂ ತಟ್ಟಿದೆ. ಮುಂದಿನ ಸೀಟಿನಲ್ಲಿ ಅಪ್ಪ, ಅವ್ವ ಬೇರೇನೋ ಮಾತಾಡುತ್ತಿದ್ದರು ಎಂದು ನನ್ನ ನೆನಪು. ಈ ನೆನಪು ತಪ್ಪು. ಆದರೆ ಅದು ಗೊತ್ತಾದದ್ದು ಎರಡು ವರ್ಷದ ಮೇಲೆ.

ಕಟ್ಟುಹಾವು ಕಚ್ಚಿತ್ತು. ಕಚ್ಚಿದ್ದು ಗೊತ್ತಾಗುವುದಿಲ್ಲ, ಗಾಯ ಕಾಣುವುದಿಲ್ಲ, ಊತ ಬರುವುದಿಲ್ಲ. ನರಗುಂದದ ದವಾಖಾನೆಯಲ್ಲಿ ಏನೇನು ಮಾಡಬೇಕೋ ಎಲ್ಲ ಮಾಡಿದರು. ಮಧ್ಯಾಹ್ನ ಹೋದಳು. ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಈ ವಿಷದಾಗ ಮೈ ಸತ್ತಂಗ ಆಗತದರಿ, ಕಣ್ಣ ತೆರೀಲಿಕ್ಕೆ ಆಗೂದಿಲ್ಲ. ಆದ್ರ ಭಾಳ ಹೊತ್ತು ಎಲ್ಲಾ ಕೇಳಸ್ತಿರ್ತದ, ಗೊತ್ತಾಗ್ತಿರ್ತದ."

ಕೇಳಿಸುತ್ತಿತ್ತು ಅವಳಿಗೆ.

ಅವ್ವನಿಗೆ ಇದು ಗೊತ್ತಿಲ್ಲ ಎಂದು ನಾನು ನಂಬಿದ್ದೆ. ಯಾಕೆಂದರೆ ಆಮೇಲೆ ಪ್ರತಿ ಸಮಾವೇಶದಲ್ಲೂ ಅವ್ವ ಅದೇ ಮಾತು ಹೇಳುತ್ತಿದ್ದಳು: "ನನ್ನ ಮಗಳು ನಿದ್ದಿಯೊಳಗ ಹೋದಳು. ಅಕಿಗೆ ಏನೂ ಗೊತ್ತಾಗಲಿಲ್ಲ." ಹೇಳುವಾಗ ಒಮ್ಮೆ ನನ್ನ ಕಡೆ ನೋಡುತ್ತಿದ್ದಳು. ಅವಳು ಉಳಿದದ್ದೇ ಆ ಮಾತಿನ ಮೇಲೆ. ನಾನು ಬಾಯಿ ಬಿಟ್ಟರೆ ಅದು ಹೋಗುತ್ತದೆ. ಬಿಡದಿದ್ದರೆ... ನನಗೆ ನಿದ್ದೆಯೇ ಬರುತ್ತಿರಲಿಲ್ಲ.

ಎರಡು ವರ್ಷ ಆಟ ಆಡಲಿಲ್ಲ. ಗಜೇಂದ್ರಗಡದ ಸಮಾವೇಶದವರು ಫೋನು ಮಾಡಿ, ಆ ಆಟ ಜನರಿಗೆ ನೆನಪಿದೆ, ಒಮ್ಮೆ ಮಾಡಿ ಎಂದರು. ಅಪ್ಪ ಒಪ್ಪಿಕೊಂಡ. ಮಲಗುವವಳು ನಾನು.

"ನನಗ ಹದಿನೆಂಟಪ್ಪಾ. ಸಣ್ಣ ಹುಡುಗಿ ಅಂತ ಯಾರ ನಂಬತಾರ?"

"ಚಾದರ ಹೊತ್ತಿದ್ರ ಯಾರಿಗೆ ತಿಳೀತದ. ಕೃಪಾನ ಹೆಸರಲೇ ಒಮ್ಮೆ ಮಾಡೂಣು, ಕರುಣಾ. ನಮಗೂ ಹಗುರ ಆದೀತು."

ಅವ್ವ ಟ್ರಂಕಿನಿಂದ ಚಾದರ ತೆಗೆದು ವ್ಯಾನಿನಲ್ಲಿ ಇಟ್ಟಳು.

ಸಂಜೆ ಮುಗಿಯುವ ಹೊತ್ತಿಗೆ ಗಜೇಂದ್ರಗಡ ಮುಟ್ಟಿದೆವು. ಗುಡ್ಡದ ಬುಡದ ಓಣಿಯಲ್ಲಿ ಒಂದು ಸಣ್ಣ ಪ್ರಾರ್ಥನಾಲಯ. ರಾತ್ರಿ ಅಲ್ಲೇ ಉಳಿಯುವುದು. ಕೀಲಿ ಪಕ್ಕದ ಮನೆಯ ನೀಲವ್ವನ ಹತ್ತಿರ. ನೇಕಾರರ ಮನೆ ಅವರದು. ಬಾಗಿಲಲ್ಲೇ ಗಂಜಿ ಹಾಕಿದ ನೂಲಿನ ಹುಳಿವಾಸನೆ, ಒಳಗೆ ಕುಣಿಮಗ್ಗ. ನೀಲವ್ವ ನಮಗೆ ರೊಟ್ಟಿ, ಝುಣಕ ಹಿಡಿದುಕೊಂಡೇ ಬಂದಳು.

"ಏನ ತಂಗಿ, ಸಾಲಿಗೆ ಹೋಗಲಾರದ ಇಂಗ್ಲೀಷ್ ಮಾತಾಡ್ತೀಯಂತ? ನಮ್ಮ ಮೊಮ್ಮಗ ಸಾಲಿಗೆ ಹೋಗಿ ಹೋಗಿ ಚಪ್ಪಲಿ ಹರಕೊಂಡಾನ, ಒಂದಕ್ಷರ ಬರೂದಿಲ್ಲ. ಅವನ್ನೂ ಮನ್ಯಾಗ ಕೂಡಸ್ಲೇನು?"

ಅವ್ವ ನಕ್ಕಳು. ಅಷ್ಟು ದಿನದ ಮೇಲೆ.

ಊಟದ ನಂತರ ತಾಲೀಮು. ನಾನು ಬೆಂಚಿನ ಮೇಲೆ ಮಲಗಿ ಕುತ್ತಿಗೆಯವರೆಗೆ ಚಾದರ ಎಳೆದುಕೊಂಡೆ. ನುಸಿಗುಳಿಗೆಯ ವಾಸನೆ. ತಾಟು ತೊಳೆಯಲು ಒಯ್ಯುತ್ತಿದ್ದ ನೀಲವ್ವ ನಿಂತುಬಿಟ್ಟಳು.

"ಇದೇನ್ರಿ ಯಣ್ಣಾ, ಜೀವಂತ ಹುಡುಗೀನ ಹಿಂಗ ಮಲಗಿಸೀರಿ? ಏಳಸ್ರಿ ಮೊದಲ!"

"ಆಟಾರಿ ಅದು, ನೀಲವ್ವಾರ," ಎಂದ ಅಪ್ಪ.

"ಆಟ ಇರಲಿ ಏನರ ಇರಲಿ. ಇಟಗಿ ಭೀಮವ್ವಗ ಈಕಿ ಹೆಸರಲೇ ಒಂದು ಕಾಯಿ ಒಡಸ್ತೇನಿ. ನಿಮಗ ಸಿಟ್ಟ ಬಂದ್ರ ಬರಲಿ," ಎಂದು ಗೊಣಗುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಮಗ್ಗದ ಸದ್ದು ಶುರುವಾಯಿತು. ಟಕ್... ಟಕ್...

ಕರೆಂಟು ಹೋಯಿತು.

ಎಂಟೂವರೆ ಇರಬಹುದು. ಒಂಬತ್ತು ಎನ್ನುತ್ತಾನೆ ಅಪ್ಪ. ಕತ್ತಲಾದರೂ ಮಗ್ಗ ನಿಲ್ಲಲಿಲ್ಲ. ಅವರ ಬಳಿ ಚಾರ್ಜಿಂಗ್ ದೀಪವಿತ್ತಂತೆ. ಅಪ್ಪ ನನ್ನ ತಲೆಯ ಬಳಿ ಇದ್ದ. ಅವನ ಉಸಿರು ಕೇಳುತ್ತಿತ್ತು. ಅವ್ವ ಬಾಗಿಲ ಹತ್ತಿರ, ನನ್ನಿಂದ ಏಳೆಂಟು ಹೆಜ್ಜೆ ದೂರ. ಇದರಲ್ಲಿ ನನಗೆ ಸಂಶಯವಿಲ್ಲ. ಇನ್ನು ಮುಂದಿನದರಲ್ಲಿ ಇದೆ.

"ಇರಲಿ, ಮಾತು ನೋಡ್ಕೊಂಡು ಬಿಡೂಣು," ಎಂದು ಅಪ್ಪ ಗಂಟಲು ಸರಿಮಾಡಿಕೊಂಡ. "ಏಳವ್ವಾ, ಎದ್ದೇಳು."

ಏಳಬೇಕೆಂದುಕೊಂಡೆ. ರೆಪ್ಪೆ ಮೇಲೆ ಬರಲಿಲ್ಲ.

ಭಾರವಲ್ಲ. ಭಾರವಿದ್ದರೆ ಎತ್ತಬೇಕು ಎಂದಾದರೂ ಅನಿಸುತ್ತದೆ. ರೆಪ್ಪೆ ಎಂಬುದು ನನ್ನದಲ್ಲವೇ ಅಲ್ಲ ಅನ್ನಿಸಿತು. ಕೈ ಇಲ್ಲ. ನಾಲಿಗೆ ಇಲ್ಲ. ಕಿವಿ ಮಾತ್ರ ಇತ್ತು. ಮಗ್ಗ, ಅಪ್ಪನ ಉಸಿರು, ಹೊರಗೆಲ್ಲೋ ನಾಯಿ... ಮತ್ತು ಚಾದರದೊಳಗಿಂದ ಏಳುತ್ತಿದ್ದ ಒಂದು ವಾಸನೆ. ಈಗ ನುಸಿಗುಳಿಗೆಯದಲ್ಲ. ಹಸಿ ಕೆಸರಿನದು.

ಆಗ ನನ್ನ ಬಲಗಾಲಿನ ಮೇಲಿನ ಚಾದರ ಸರಿಯಿತು.

ಸಣ್ಣ ಉಗುರು. ಹಿಮ್ಮಡಿಯಿಂದ ಬೆರಳಿನ ತನಕ. ಮೆಲ್ಲಗೆ... ಒಂದು.

"ಏಳವ್ವಾ," ಎಂದ ಅಪ್ಪ ಮತ್ತೆ.

ಎರಡು.

ಕೂಗಿದೆ. ಕೂಗು ಒಳಗೇ ಉಳಿಯಿತು. ಅಪ್ಪ ಕತ್ತಲಲ್ಲಿ ಅವ್ವನ ಕಡೆ ತಿರುಗಿ ಹೇಳಿದ: "ನೋಡು, ಎಷ್ಟ ಚಲೋ ಮಾಡಾಕತ್ತಾಳ ಈಕಿ. ಒಂಚೂರೂ ಮಿಸುಕವಲ್ಲಳು."

ಮೂರನೆಯ ಗೆರೆ ತುಂಬಾ ನಿಧಾನವಾಗಿ ಬಂತು. ಬೆರಳುಗಳ ಬುಡಕ್ಕೆ ಬಂದು ನಿಂತಿತು. ಮುಂದೇನೋ ಮಾತು ಬರಬೇಕಿತ್ತು. ಅದು ವ್ಯಾನಿನಲ್ಲಿ ನಾನೇ ಅಂದ ಮಾತು ಎಂದು ನನಗೆ ಗೊತ್ತಿತ್ತು. ಆ ಮಾತು ಬಂದರೆ ನಾನು ಉಳಿಯುವುದಿಲ್ಲ ಎಂದೂ ಗೊತ್ತಿತ್ತು. ಹೇಗೆ ಗೊತ್ತಿತ್ತೆಂದು ಕೇಳಬೇಡಿ. ಮಗ್ಗ ನಿಂತಿತು.

ಅಷ್ಟರಲ್ಲಿ ಅವ್ವನ ದನಿ. ಸಣ್ಣ ಮಕ್ಕಳನ್ನು ರಮಿಸುವ ದನಿ.

"ಸಾಕವ್ವಾ... ಬಿಡು ಅಕ್ಕನ್ನ."

ಉಗುರು ಕಾಲಿನಿಂದ ಎದ್ದಿತು.

ಕಣ್ಣು ತೆರೆದೆ. ನೀಲವ್ವ ಮೊಬೈಲಿನ ಬೆಳಕು ಹಿಡಿದು ಒಳಗೆ ಬರುತ್ತಿದ್ದಳು. ಅವ್ವ ಬಾಗಿಲಲ್ಲೇ ಇದ್ದಳು, ಬಾಯಿಗೆ ಸೆರಗು ಒತ್ತಿಕೊಂಡು. ಬೆಂಚಿನ ಕಾಲಬುಡದಲ್ಲಿ ಯಾರೂ ಇರಲಿಲ್ಲ. ಚಾದರ ಮಾತ್ರ ಮೊಣಕಾಲಿನವರೆಗೆ ಮಡಚಿಟ್ಟಂತಿತ್ತು, ನೀಟಾಗಿ. ನೀಟಾಗಿತ್ತು ಎನ್ನುವುದನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು. ಮರುದಿನ ಅಂಗಾಲು ನೋಡಿಕೊಂಡೆ, ಗೀರೊಂದೂ ಇರಲಿಲ್ಲ. ಇದ್ದಿದ್ದರೆ ಬರೆಯುವುದು ಎಷ್ಟು ಸುಲಭವಾಗುತ್ತಿತ್ತು.

ಅಪ್ಪ ಹೇಳುವುದು: ಯಾರೂ ಏನೂ ಅನ್ನಲಿಲ್ಲ, ಮೂರನೆಯ ಸಲ ಕರೆದಾಗ ನೀನೇ ಎದ್ದು ಕೂತೆ. ನೀಲವ್ವ ಹೇಳಿದ್ದು: "ನಿಮ್ಮವ್ವ ಯಾರನ್ನೋ ರಮಿಸಿದಂಗ ಕೇಳಿಸ್ತು, ಅದಕ್ಕ ಮಗ್ಗ ಬಿಟ್ಟು ಎದ್ದು ಬಂದೆ." ನನ್ನ ನೆನಪಿನಲ್ಲಿ ಮಗ್ಗ ನಿಂತದ್ದೇ ಮೊದಲು.

ಹಿತ್ತಲ ಕಟ್ಟೆಯ ಮೇಲೆ ಹೋಗಿ ಕೂತೆ. ಅವ್ವ ನೀರು ತಂದು ಕೊಟ್ಟು ಪಕ್ಕದಲ್ಲಿ ಕೂತಳು. ನಾನೇ ಬಾಯಿ ಬಿಟ್ಟೆ.

"ಯವ್ವಾ, ನಿನಗ ಒಂದು ಹೇಳಬೇಕು. ಕೃಪಾ ನಿದ್ದಿಯೊಳಗ ಹೋಗಲಿಲ್ಲ. ಅಕಿಗೆ ಎಲ್ಲಾ ಕೇಳಸ್ತಿತ್ತು. ನಾ ಅಕಿ ಕಾಲಿಗೆ..."

"ಗೊತ್ತೈತಿ."

"ಇಲ್ಲ, ನಿನಗ ಗೊತ್ತಿಲ್ಲ. ಡಾಕ್ಟರು ಅಪ್ಪಗ..."

"ಬಾಗಲಾ ತೆರದಿತ್ತು, ಕರುಣಾ. ನನಗೂ ಕೇಳಿಸ್ತು."

ಗುಡ್ಡದ ಕಡೆಯಿಂದ ಗಾಳಿ ಬರುತ್ತಿತ್ತು. ಅವ್ವ ನನ್ನ ಕೈಯಿಂದ ಲೋಟ ತೆಗೆದುಕೊಂಡು ಕೆಳಗಿಟ್ಟಳು.

"ಗಾಡ್ಯಾಗ ನೀ 'ಗೆದ್ದಿ ಬಿಡು' ಅಂದಿ ನೋಡು... ಆಗ ನಾ ಹಿಂದಕ ತಿರುಗಿ ನೋಡಿದೆ. ಅಕಿ ಮುಖಾನೂ ನೋಡಿದೆ. ನೋಡಿ ನಕ್ಕೆ. 'ಅಂತೂ ಕಲತಳು ನೋಡ್ರಿ' ಅಂತ ನಿಮ್ಮಪ್ಪಗ ಹೇಳಿದೆ. ನೀ ಹದಿನಾರರ ಹುಡುಗಿ. ನಾ ಹಡದಾಕಿ."

"ಹಂಗಾರ ಪ್ರತಿ ಸಭಾದಾಗ... ಅಕಿಗೆ ಏನೂ ಗೊತ್ತಾಗಲಿಲ್ಲ ಅಂತ..."

"ನಿನ್ನ ಸಲುವಾಗಿ ಅಂತಿದ್ದೆ. ನೀ ಕೇಳಲಿ ಅಂತ."

ನಾವಿಬ್ಬರೂ ಅತ್ತೆವೋ ಇಲ್ಲವೋ ಬರೆಯಲಾರೆ. ಆಮೇಲೆ ಕೇಳಿದೆ: "ಬಿಡು ಅಕ್ಕನ್ನ ಅಂದಿಯಲ್ಲ. ಯಾರಿಗೆ ಅಂದಿ?"

ಅವ್ವ ನನ್ನ ಮುಖವನ್ನೇ ನೋಡಿದಳು. "ನಾ ಎಲ್ಲಿ ಅಂದೆ? ಬಾಯಾಗ ಸೆರಗ ಇಟ್ಕೊಂಡ ನಿಂತಿದ್ದೆ." ಆಮೇಲೆ, ತೀರ ಮೆಲ್ಲಗೆ: "ಯಾಕ... ಅಕಿ ಬಂದಿದ್ದಳೇನು? ನಿನ್ನ ಕಡೆ ಅಷ್ಟ ಬಂದಳೇನು, ನನ್ನ ಕಡೆ ಇಲ್ಲಾ?"

ನಾನು ಎದ್ದು ಒಳಗೆ ಹೋದೆ. ಮರುದಿನ ಆಟ ಆಡಲಿಲ್ಲ. ಅವ್ವ ಸಾಕ್ಷಿಗೆ ಎದ್ದು ನಿಂತು, ಮಕ್ಕಳ ಹೆಸರು ಹೇಳಿ, ಮುಂದೆ ಒಂದು ಮಾತೂ ಹೇಳದೆ ಮೈಕು ಅಪ್ಪನ ಕೈಗೆ ಕೊಟ್ಟು ಕೂತಳು. ಜನ ಅದನ್ನೂ ಪ್ರಾರ್ಥನೆ ಎಂದುಕೊಂಡು ತಲೆ ಬಾಗಿಸಿದರು. ಅದೇ ನಮ್ಮ ಕೊನೆಯ ಸಮಾವೇಶ.

ನಾಲ್ಕು ವರ್ಷವಾಯಿತು. ನಾನು ಈಗಲೂ ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಚಾದರದ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗುತ್ತೇನೆ. ಅವ್ವ ಹಾಗಲ್ಲ. ರೋಣದ ಚಳಿಗಾಲದಲ್ಲೂ, ಹಲ್ಲು ಕಟಗುಟ್ಟುವ ಚಳಿಯಲ್ಲೂ, ಕುತ್ತಿಗೆಯವರೆಗೆ ಕೌದಿ ಹೊದ್ದು ಎರಡೂ ಪಾದಗಳನ್ನು ಹೊರಗೆ ಬಿಟ್ಟುಕೊಂಡು ಮಲಗುತ್ತಾಳೆ. ಬಾಗಿಲ ಕಡೆಗೆ.

ಕೆಲವು ಸಲ ಮುಚ್ಚೋಣವೆಂದು ಎದ್ದು ಹೋಗುತ್ತೇನೆ. ಪಾದಗಳು ಒಡೆದು ಬೆಳ್ಳಗಾಗಿರುತ್ತವೆ. ಕೌದಿಯ ಅಂಚು ಹಿಡಿದು ನಿಲ್ಲುತ್ತೇನೆ. ಅವಳಿಗೆ ನಿದ್ದೆ ಬಂದಿದೆಯೋ ಇಲ್ಲವೋ ತಿಳಿಯುವುದಿಲ್ಲ. ನನ್ನ ಬೆರಳು ತಾಗಿದರೆ ಅವಳು ಯಾರ ಹೆಸರು ಹಿಡಿದು ಎದ್ದು ಕೂರುತ್ತಾಳೋ... ಆಮೇಲೆ ನನ್ನ ಮುಖ ನೋಡಬೇಕಾಗುತ್ತದಲ್ಲ ಅವಳು...

ಹಾಗೇ ಬಿಟ್ಟು ಬರುತ್ತೇನೆ.