ಹಿರಣ್ಯಕೇಶಿಯನ್ನು ಹುಡುಕುತ್ತಿದ್ದ ಘಟಪ್ರಭಾ

ಮೊನ್ನೆ ಮನೆಗೆ ಹೊಸ ಲ್ಯಾಪ್‌ಟಾಪ್ ಬಂತು. ಗುಂಡಿ ಒತ್ತಿ ಕನ್ನಡಕ ಏರಿಸಿಕೊಳ್ಳುವಷ್ಟರಲ್ಲಿ ಅದು ತಯಾರಾಗಿ ಕೂತಿತ್ತು. ಮಗಳಿಗೆ ಹಿಗ್ಗೋ ಹಿಗ್ಗು. ನನಗೆ ಮಾತ್ರ ಕೈ ತೊಳೆಯುವ ಮೊದಲೇ ಯಾರೋ ಬಡಿಸಿಬಿಟ್ಟ ಹಾಗಾಯಿತು. ಕಂಪ್ಯೂಟರ್ ಏಳುವ ತನಕ ಒಂದು ಚಹಾ, ನಾಲ್ಕು ಮಾತು ಆಗಲೇಬೇಕೆಂಬ ರೂಢಿಯವನು ನಾನು.

ಆ ರೂಢಿ ಹತ್ತಿದ್ದು ಗೋಕಾಕದ ಕೋರ್ಟಿನ ಹತ್ತಿರ, ನಮ್ಮ ಕಾಕಾನ ಟೈಪಿಂಗ್ ಅಂಗಡಿಯಲ್ಲಿ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಅವರು ತಮ್ಮ ಗೆಳೆಯ ಅಣ್ಣಾಸಾಹೇಬ ಕಾಕಾನ ಜೊತೆಗೂಡಿ ಹಾಕಿದ ಅಂಗಡಿ. ಯಾವುದೋ ಮಾಸಿಕದ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಎರಡು ಕಂಪ್ಯೂಟರಿಗೂ ಲಿನಕ್ಸ್ ಹಾಕಿದ್ದರು. ಯಂತ್ರಕ್ಕೊಂದು ಹೆಸರು ಬೇಕೆಂದು ಅದು ಕೇಳಿದಾಗ ಕಾಕಾ ತಮ್ಮದಕ್ಕೆ ಊರ ಹೊಳೆಯ ಹೆಸರು, ಘಟಪ್ರಭಾ ಎಂದಿಟ್ಟರು. ಹುಕ್ಕೇರಿ ಕಡೆಯ ಅಣ್ಣಾಸಾಹೇಬ ಕಾಕಾ ಬಿಡುತ್ತಾರೆಯೇ? ಅವರದು ಅವರ ಕಡೆಯಿಂದ ಹರಿದು ಘಟಪ್ರಭೆಯನ್ನೇ ಕೂಡುವ ಹೊಳೆ, ಹಿರಣ್ಯಕೇಶಿ. ಎರಡರ ನಡುವೆ ಒಂದು ವೈರು. ಹಳೆಯ ಅರ್ಜಿ, ಲಗ್ನಪತ್ರಿಕೆಗಳೆಲ್ಲ ಹಿರಣ್ಯಕೇಶಿಯಲ್ಲಿರುತ್ತಿದ್ದವು. ಕಾಕಾ ತಮ್ಮ ಜಾಗದಿಂದಲೇ ತೆರೆದು ನೋಡುತ್ತಿದ್ದರು.

ಒಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರೇ ಬಿಟ್ಟುಹೋಯಿತು. ನಮ್ಮ ಕಡೆ ಇದೇನು ಸಣ್ಣ ತಪ್ಪೇ? ಆ ಮಾವ ಲಗ್ನಕ್ಕೆ ಕಾಲಿಡಲಿಲ್ಲ. "ನೀ ನೋಡಿರ್ತಿ ಅಂತ ನಾ ಬಿಟ್ಟೆ" ಎಂದು ಇವರು, "ನೀ ನೋಡಿರ್ತಿ ಅಂತ ನಾ ಬಿಟ್ಟೆ" ಎಂದು ಅವರು. ಮಾತಿಗೆ ಮಾತು ಬೆಳೆದು ಅಣ್ಣಾಸಾಹೇಬ ಕಾಕಾ ತಮ್ಮ ಕಂಪ್ಯೂಟರ್ ಹೊತ್ತುಕೊಂಡು ಮೂಡಲಗಿಗೆ ಹೋದರು, ಅಲ್ಲೇ ಅಂಗಡಿ ಹಾಕಿದರು.

ಅಂದಿನಿಂದ ಕಾಕಾನ ಯಂತ್ರಕ್ಕೆ ಆಲಸ್ಯ ಹತ್ತಿತು. ಬೆಳಿಗ್ಗೆ ಗುಂಡಿ ಒತ್ತಿದರೆ ಬೇಗ ಏಳುವುದೇ ಇಲ್ಲ. ಧೂಳು ಎಂದರು, ಕರೆಂಟು ಸಾಲದು ಎಂದರು, ವಕೀಲರ ಗುಮಾಸ್ತರೊಬ್ಬರು ನಿಂಬೆಹಣ್ಣು ಕಟ್ಟಿಸಿಯೂ ನೋಡಿದರು. ಕಾಲೇಜಿನ ರಜೆಗೆ ಬಂದಿದ್ದ ನಾನು ಆಗ ಅರ್ಧ ತುಂಬಿದ ಕೊಡ. ತುಳುಕುತ್ತಲೇ ಮುಂದೆ ಕೂತೆ. ಪರದೆಯ ಮೇಲೆ ಸಾಲುಗಳು ಸರಸರ ಓಡಿ, ಒಂದರ ಹತ್ತಿರ ಬಂದು ನಿಂತೇಬಿಟ್ಟವು.

"ಕಾಕಾ, ರೋಗ ಸಿಕ್ತರಿ! ಇದು ದಿನಾ ಎದ್ದ ಕೂಡ್ಲೆ ಹಿರಣ್ಯಕೇಶಿನ್ನ ಹುಡುಕಾಕತ್ತೈತಿ. ಸಿಗವಲ್ದು. ಒಳಗ ಅದರ ಹೆಸರಿರೂ ಒಂದ ಸಾಲು ತೆಗದ್ರ ಲಗೂನ ಏಳತೈತಿ."

ಕಾಕಾ ಪರದೆಯನ್ನೇ ನೋಡುತ್ತ ನಿಂತರು. "ದಿನಾ ಹುಡುಕತೈತಿ?"

"ದಿನಾ ರೀ."

"ತೆಗೀಬ್ಯಾಡ."

"ಮಂದಿ ಕಾಯ್ತಾರಲ್ರಿ?"

"ಕಾಯಲಿ. ಚಾ ಕುಡೀಲಿ."

ನನಗೆ ಸುಮ್ಮನಿರಲು ಆಗಲಿಲ್ಲ. ಬಸ್ಸು ಹತ್ತಿ ಮೂಡಲಗಿಗೆ ಹೋಗಿ ಅಣ್ಣಾಸಾಹೇಬ ಕಾಕಾನ ಮುಂದೆ ಎಲ್ಲ ಹೇಳಿದೆ. ಅವರು ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ಸಿಗದಿದ್ರ ಏನ ಮಾಡತೈತಿ?"

"ಒಂದೀಟು ಕಾಯ್ತೈತಿ. ಆಮ್ಯಾಲ ಬಿಟ್ಟು ಮುಂದಿನ ಕೆಲಸಾ ನೋಡತೈತ್ರಿ."

"ಶಾಣ್ಯಾ ಐತಿ ಬಿಡು. ನಮಗ ಹಂಗ ಬಿಡಾಕ ಆಗವಲ್ದು."

"ಮತ್ತ ಬರ್ರಲ್ಲ, ನನ್ನ ಜೋಡಿ?"

"ಅವಾ ಬರಲಿ. ನಾ ಬ್ಯಾಡ ಅಂದೇನೇನು?"

ಗೋಕಾಕಕ್ಕೆ ಮರಳಿ ಹೇಳಿದರೆ ಕಾಕಾನದೂ ಅದೇ ಮಾತು: "ಅವಾ ಬರಲಿ." ನಡುವೆ ಎಷ್ಟು ದೂರವಿತ್ತು ಹೇಳಿ? ಮುಂಜಾನೆ ಹೋಗಿ ಊಟಕ್ಕೆ ಮನೆಗೆ ಬರಬಹುದಿತ್ತು. ಇಬ್ಬರೂ ಹೋಗಲಿಲ್ಲ. ಪ್ರತಿದಿನ ಆ ಸಾಲಿನ ಹತ್ತಿರ ಪರದೆ ನಿಂತಾಗ ಕಾಕಾ ಚಹಾ ಹಿಡಿದು, ಅಣ್ಣಾಸಾಹೇಬನ ಒಂದಾದರೂ ಚೇಷ್ಟೆ ಹೇಳಿ ನಗಿಸುತ್ತಿದ್ದರು. ಯಂತ್ರ ಎದ್ದ ಕೂಡಲೇ ಮಾತು ನಿಲ್ಲಿಸಿ ಟೈಪಿಗೆ ಕೂರುತ್ತಿದ್ದರು. ಹಾಗೆಯೇ ವರ್ಷಗಳು ಹೋದವು. ಕಾಕಾ ಕೂಡ ತೀರಿಹೋದರು. ಆ ಚಹಾದ ಹೊತ್ತಿನ ಕಾಕಾ ನನಗೆ ಇನ್ನೂ ಬೇಕು.

ಮೊನ್ನೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಮೂಡಲಗಿಗೆ ಫೋನು ಹಚ್ಚಿದೆ. ಅಣ್ಣಾಸಾಹೇಬ ಕಾಕಾನಿಗೆ ಈಗ ಕಿವಿ ಮಂದ. ನನ್ನ ಹೆಸರು ಕೂಗಿ ಹೇಳಿ, "ನಾಳೆ ಬರ್ತೇನ್ರಿ" ಎಂದೆ.

"ಬಾರಪ್ಪಾ, ಬಾ," ಎಂದವರು, ಅದೇ ಉಸಿರಿನಲ್ಲಿ ಕೇಳಿಬಿಟ್ಟರು, "ಒಬ್ಬನ ಬರ್ತಿಯೇನು?"

ಹಿರಣ್ಯಕೇಶಿಯೂ ಇನ್ನೂ ಹುಡುಕುತ್ತಿತ್ತು; ನಾನು ಫೋನು ಹಿಡಿದುಕೊಂಡೇ ಎದ್ದು ಚಹಾಕ್ಕೆ ನೀರಿಟ್ಟೆ.