ಮದ್ದಿಲ್ಲದ ತೋಟೆ

ಕಾಕನ ಬಲಗೈ ಹೆಬ್ಬೆರಳು ಚಮಚದ ಹಾಗೆ ಚಪ್ಪಟೆ. ಎಂದೋ ಲೇತ್ ಮೆಷಿನ್ನಿಗೆ ಸಿಕ್ಕಿದ್ದಂತೆ. ಗಲ್ಫಿನ ಮುಸಫ್ಫಾದ ನಮ್ಮ ವರ್ಕ್‌ಶಾಪಿನಲ್ಲಿ ಅವರು ಫೋರ್ಮನ್, ನಾನು ಸ್ಟೋರ್‌ಕೀಪರ್. ಉಳ್ಳಾಲದ ಬ್ಯಾರಿ, ನಮಗೆಲ್ಲ ಕಾಕ. ಊಟದ ಡಬ್ಬಿ ತೆರೆದರೆ ಮೊದಲ ಮೀನಿನ ತುಂಡು ಪಕ್ಕದವನಿಗೆ. ಮುಟ್ಟಿದ ಯಂತ್ರವನ್ನು ಒರೆಸದೆ ಏಳುವವರಲ್ಲ.

ನಮ್ಮ ಮಾಲೀಕರನ್ನು ಅರ್ಬಾಬ್ ಎನ್ನುತ್ತಿದ್ದೆವು. ಆ ಅರಬರಿಗೆ ಲೈಸೆನ್ಸಿನ ಕೋವಿಯಲ್ಲಿ ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಹುಚ್ಚು. ಹಾರಿಸಿದ ತೋಟೆಗಳನ್ನು ಮತ್ತೆ ತುಂಬಲು ವಿಲ್ಲಾದಲ್ಲೇ ಒಂದು ಕೈಪ್ರೆಸ್ ಇತ್ತು. ಅದು ತೋಟೆಯ ಬಾಯಿಯನ್ನು ಸರಿಯಾಗಿ ಮಡಚದೆ ಒಳಗಿನ ಸೀಸದ ಚರೆ ಉದುರಿಸತೊಡಗಿದಾಗ ಕಾಕನಿಗೆ ಕರೆ ಬಂತು. ಸಾಮಾನು ಹೊತ್ತು ನಾನೂ ಹೋದೆ.

ಎಲ್ಲರೂ ಹಿಡಿಕೆಯನ್ನು ದೂರಿದ್ದರು. ಕಾಕ ಅಡಿಯ ಸ್ಕ್ರೂ ಒತ್ತಿ ನೋಡಿ, "ಪಾಪ, ಕಾಲೇ ಅಲ್ಲಾಡ್ತದೆ, ಕೈಗೆ ಯಾಕೆ ಬಯ್ಯುದು?" ಎಂದರು. ಬಿಗಿ ಮಾಡಿ, ಪರೀಕ್ಷೆಗೆಂದು ಅರ್ಬಾಬರ ಎದುರೇ ಐವತ್ತು ತೋಟೆ ತುಂಬಿದರು. ಮರುದಿನ ಬೆಳಿಗ್ಗೆ ಅರ್ಬಾಬ್ ಅವನ್ನೇ ಒಯ್ಯುವವರಿದ್ದರು.

ತೋಟೆಯ ಡಬ್ಬಿ ಮುಚ್ಚಿದ ಕಾಕ ಅದನ್ನು ಮತ್ತೆ ತೆರೆದರು.

"ಅರ್ಬಾಬ್, ಇದು ಬೇಡ. ನಡುವೆ ಗಮನ ತಪ್ಪಿತ್ತು. ಒಂದಕ್ಕೆ ಮದ್ದು ಬಿತ್ತೋ ಇಲ್ಲವೋ ಗೊತ್ತಿಲ್ಲ."

ಮದ್ದಿಲ್ಲದ ತೋಟೆಯ ಚರೆ ಹೊರಬೀಳದೆ ನಳಿಕೆಯಲ್ಲೇ ಸಿಕ್ಕಿಕೊಂಡರೆ ಮುಂದಿನ ಗುಂಡಿಗೆ ಕೋವಿ ಸೀಳಿಹೋಗುತ್ತದೆ.

"ತೂಗಿ ನೋಡು," ಎಂದರು ಅರ್ಬಾಬ್ ಹಿಂದಿಯಲ್ಲಿ.

"ಚರೆ ಒಂದೆರಡು ಹೆಚ್ಚುಕಮ್ಮಿ ಇರ್ತದೆ. ಮದ್ದಿನ ತೂಕ ಅದರಲ್ಲಿ ಅಡಗಿಹೋಗ್ತದೆ. ಎಲ್ಲ ಕೊಯ್ಯಬೇಕು."

ಅರವತ್ತು ದಾಟಿದ ಕಾಕನ ವೀಸಾ ಕಾಗದ ಆ ವಾರ ಅರ್ಬಾಬರ ಸಹಿಗೆ ಕಾದಿತ್ತು. ಅವರು ಬಾಯಿ ಮುಚ್ಚಿಕೊಂಡಿರಬಹುದಿತ್ತು. ನಾನಂತೂ ಮುಚ್ಚಿಕೊಂಡಿದ್ದೆ. ತೋಟೆಗೆ ಮದ್ದು ಬೀಳಿಸುವ ಹಿಡಿಕೆಯ ಮೇಲೆ ಅವರ ಕೈ ಇದ್ದಾಗ, "ಕಾಕ, ಚಾ ತಣೀತದೆ," ಎಂದು ಕೂಗಿದವನು ನಾನೇ.

ಇಬ್ಬರೂ ಕೂತು ಕೊಯ್ದೆವು. ಮೂವತ್ತೇಳನೆಯದರಲ್ಲಿ ಚರೆಯಿತ್ತು, ಚರೆ ಹಿಡಿಯುವ ಪ್ಲಾಸ್ಟಿಕ್ ಬಟ್ಟಲಿತ್ತು, ಅಡಿಯಲ್ಲಿ ಮದ್ದಿರಲಿಲ್ಲ.

ಅರ್ಬಾಬ್ ಅದನ್ನು ಕೈಗೆತ್ತಿಕೊಂಡರು. "ಯಾರ ತಪ್ಪು?"

"ನನ್ನದು," ಎಂದರು ಕಾಕ.

ವಾಪಸು ಬರುವಾಗ ಪಿಕಪ್ಪಿನಲ್ಲಿ ಹೇಳಿದೆ: "ಕಾಕ, ಕರೆದದ್ದು ನಾನು."

"ನೀನು ಕರೆದದ್ದು ಚಾಕ್ಕೆ ಮಾರಾಯ, ಒಳ್ಳೇದಕ್ಕೆ. ಹಿಡಿಕೆ ಎಳೆದದ್ದು ನಾನಲ್ವಾ? ಸುಮ್ಮನೆ ಗಾಡಿ ಬಿಡು."

ಅರ್ಬಾಬ್ ಕೃತಜ್ಞರೇ. ಕಾಕನ ಕೈಗೆ ಒಂದು ಒಳ್ಳೆಯ ಗಡಿಯಾರ ಕಟ್ಟಿದರು. ಆದರೆ ಆಫೀಸಿನಲ್ಲಿ, "ಮುದುಕನ ಗಮನ ಹೋಗಿದೆ, ಖಲಾಸ್," ಎಂದರಂತೆ. ಆ ತಿಂಗಳು ನನ್ನ ವೀಸಾ ಮುಂದುವರಿಯಿತು, ಕಾಕನದು ಇಲ್ಲ. ನಿಜ ಹೇಳಲೆಂದು ಅರ್ಬಾಬರ ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ, ಒಳಗೆ ಹೋಗಲಿಲ್ಲ.

ಕಾಕ ಊರಿಗೆ ಹೋಗಿ ಎರಡು ವರ್ಷಕ್ಕೆ ತೀರಿಕೊಂಡರು. ಸುದ್ದಿ ತಿಳಿದ ದಿನ ಅರ್ಬಾಬರ ಕೋಣೆಗೆ ಹೋಗಿ, ಚಾಕ್ಕೆ ಕರೆದದ್ದು ನಾನೆಂದು ಹೇಳಿದೆ. ಅವರು ತಲೆಯೆತ್ತಿ ನೋಡಿ, "ಗೊತ್ತು. ನಾನು ಅಲ್ಲೇ ಇದ್ದೆನಲ್ಲ. ನೀನು ಹೇಳುತ್ತೀಯೋ ಎಂದು ಕಾದೆ," ಎಂದರು.